ಐವತ್ತರ ವಯಸ್ಸಿನ ವಿಂಗರ್

ಈಗಿನ ಆಟಗಾರರೇ ಮೇಲು ಅಂತ ನೀವು ಹೇಳಿದ್ದು ಅರ್ಧ ನಿಜ, ರಾಯರೇ. ಐವತ್ತರ ದಶಕದ ಫುಟ್‌ಬಾಲ್ ಆಟಗಾರರನ್ನು ಇವತ್ತಿನ ಪ್ರೀಮಿಯರ್ ಲೀಗಿಗೆ ಇಳಿಸಿದರೆ ಬಹಳ ಮಂದಿಗೆ ಅರ್ಧ ಗಂಟೆಗೇ ಏದುಸಿರು ಬರುತ್ತೆ. ಈಗಿನ ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ ಹತ್ತು ಹನ್ನೊಂದು ಕಿಲೋಮೀಟರ್ ಓಡ್ತಾನೆ. ಊಟಕ್ಕೂ ಲೆಕ್ಕ ಇಡ್ತಾರೆ. 1996ರಲ್ಲಿ ಆರ್ಸೆನ್ ವೆಂಗರ್ ಜಪಾನಿನಿಂದ ಆರ್ಸೆನಲ್‌ಗೆ ತರಬೇತುದಾರರಾಗಿ ಬಂದವರೇ ಆಟಗಾರರ ಚಾಕೊಲೇಟ್ ಬಿಡಿಸಿ, ತಟ್ಟೆಗೆ ಬೇಯಿಸಿದ ಕೋಳಿ, ತರಕಾರಿ ಹಾಕಿಸಿದರು. 1998ರಲ್ಲಿ ಲೀಗ್, ಎಫ್‌ಎ ಕಪ್ ಎರಡೂ ಬಂತು. ಆಗಲೇ ಮೂವತ್ತು ದಾಟಿದ್ದ ಟೋನಿ ಆಡಮ್ಸ್, ಲೀ ಡಿಕ್ಸನ್ 2002ರವರೆಗೂ ಆಡಿದರು. ಬಾಯಿಗೆ ಬೀಳೋದು ಕಾಲಿಗೆ ಇಳಿಯುತ್ತೆ ಅನ್ನೋದು ಸುಳ್ಳಲ್ಲ.

ಆದರೆ ಆ ಕಾಲದ ವಿಂಗರ್ ಸ್ಟಾನ್ಲಿ ಮ್ಯಾಥ್ಯೂಸ್‌ರನ್ನು ಯಾವ ಲೆಕ್ಕಕ್ಕೆ ಹಾಕ್ತೀರಿ? ವೆಂಗರ್ ಆರ್ಸೆನಲ್‌ಗೆ ಬರೋದಕ್ಕೆ ದಶಕಗಳ ಮೊದಲೇ ಆ ಮನುಷ್ಯ ಕುಡಿತ, ಸಿಗರೇಟು ಮುಟ್ಟದೆ, ಸೋಮವಾರ ಸೋಮವಾರ ಉಪವಾಸ ಮಾಡಿ, ಬೆಳಗಿನ ಜಾವ ಎದ್ದು ಒಬ್ಬರೇ ಅಭ್ಯಾಸ ಮಾಡ್ತಿದ್ದರು. 1956ರಲ್ಲಿ ಮೊತ್ತಮೊದಲ ಬ್ಯಾಲನ್ ಡಿ'ಓರ್ ಅವರಿಗೇ ಬಂತು, ಆಗ ವಯಸ್ಸು ನಲವತ್ತೊಂದು. ಸ್ಟೋಕ್ ಸಿಟಿ ಪರವಾಗಿ ಇಂಗ್ಲೆಂಡಿನ ಮೇಲಿನ ದರ್ಜೆಯಲ್ಲಿ ಕೊನೆಯ ಪಂದ್ಯ ಆಡಿದ್ದು 1965ರ ಫೆಬ್ರವರಿಯಲ್ಲಿ, ಐವತ್ತು ತುಂಬಿದ ಮೇಲೆ!

ಅವರು ಆಡಿದ ಮೈದಾನವನ್ನೂ ನೋಡಬೇಕಲ್ಲ. ಮಳೆ ಬಂದರೆ ಕೆಸರು. ನೀರು ಕುಡಿದ ತೊಗಲ ಚೆಂಡಿನ ತೂಕ ಬೇರೆ. ಆಗ ಬದಲಿ ಆಟಗಾರರೂ ಇರಲಿಲ್ಲ. 1953ರ ಎಫ್‌ಎ ಕಪ್ ಫೈನಲ್‌ನಲ್ಲಿ ಬೋಲ್ಟನ್ನಿನ ಎರಿಕ್ ಬೆಲ್ ಸ್ನಾಯು ನೋವಿನಿಂದ ಕುಂಟುತ್ತಲೇ ಕೊನೆವರೆಗೂ ಆಡಿದರು, ಗೋಲನ್ನೂ ಹೊಡೆದರು. 3-1ರಲ್ಲಿ ಹಿಂದಿದ್ದ ಮ್ಯಾಥ್ಯೂಸ್‌ರ ತಂಡ ಬ್ಲ್ಯಾಕ್‌ಪೂಲ್ 4-3ಕ್ಕೆ ಗೆದ್ದಿತು. ಅದರಲ್ಲಿ ಮೂರು ಗೋಲು ಅದೇ ತಂಡದ ಮಾರ್ಟೆನ್ಸನ್‌ದಾದರೂ ಜನ ಅದನ್ನು ಮ್ಯಾಥ್ಯೂಸ್ ಫೈನಲ್ ಅಂತಲೇ ಕರೆದರು. ಬೋಲ್ಟನ್ನಿನ ಎಡಭಾಗ ಸೋತುಹೋಗಿತ್ತು, ಮ್ಯಾಥ್ಯೂಸ್ ನುಗ್ಗಿದ್ದೂ ಅದೇ ಕಡೆಯಿಂದ. ಇವತ್ತಾಗಿದ್ದರೆ ಅಲ್ಲಿಗೆ ತಕ್ಷಣ ಬದಲಿ ಆಟಗಾರ ಬರ್ತಿದ್ದ. ಇದನ್ನೂ ಒಪ್ಪಿಯೇ ಹೇಳ್ತೀನಿ.

ಹಾಗಾಗಿ ನನಗೆ ಕಾಣೋದು ಇಷ್ಟು: ಈ ಎಪ್ಪತ್ತು ವರ್ಷದಲ್ಲಿ ಮೇಲೆದ್ದಿರೋದು ಸಾಧಾರಣ ಆಟಗಾರನ ಮಟ್ಟ. ಅವತ್ತು ತಂಡಕ್ಕೊಬ್ಬ ಮಾಡ್ತಿದ್ದ ಪಥ್ಯವನ್ನು ಇವತ್ತು ಹನ್ನೊಂದೂ ಜನ ಮಾಡ್ತಾರೆ, ಅದರಿಂದ ಆಟದ ವೇಗ ಹೆಚ್ಚಿದೆ. ಮ್ಯಾಥ್ಯೂಸ್‌ಗೆ ಈಗಿನ ಬೂಟು, ಈಗಿನ ಹುಲ್ಲು, ಈಗಿನ ವೈದ್ಯರನ್ನು ಕೊಟ್ಟಿದ್ದರೆ ಅವರು ಇವತ್ತೂ ಡಿಫೆಂಡರ್‌ಗಳನ್ನು ದಾಟಿ ಹೋಗ್ತಿದ್ದರು, ರಾಯರೇ. ಅದರಲ್ಲಿ ನನಗೆ ಅನುಮಾನವೇ ಇಲ್ಲ.