ತೂಕದ ಮಾತು

ಲಾಲ್‌ಬಾಗಿನ ಬಂಡೆಯನ್ನು ಪ್ರದಕ್ಷಿಣೆ ಮಾಡಿ, ಬೆವರನ್ನು ಉತ್ತರೀಯದಿಂದ ಒರೆಸಿಕೊಳ್ಳುತ್ತ, ಸಂಸಾರತ್ಯಾಗಕ್ಕೆ ಸಿದ್ಧರಾದವರಂತೆ ವಿಷಣ್ಣವದನರಾಗಿ ಕುಳಿತಿದ್ದ ರಾಯರನ್ನು ಕಂಡು ಶಾಮಣ್ಣನು ಕಾರಣವನ್ನು ವಿಚಾರಿಸಿದನು.

“ಮಿತಾಹಾರ, ವ್ಯಾಯಾಮಗಳೆರಡನ್ನೂ ವ್ರತದಂತೆ ಆಚರಿಸುತ್ತಿದ್ದರೂ, ಮೊದಮೊದಲು ವಿಧೇಯವಾಗಿ ಇಳಿಯುತ್ತಿದ್ದ ಈ ದೇಹಭಾರವು ಈಗ ಇಳಿಯಲೊಲ್ಲದಯ್ಯ!”

“ಅನ್ನ ಬಿಟ್ಟಿರಾ, ರಾಯರೇ?”

“ಸಂಪೂರ್ಣವಾಗಿ ತ್ಯಜಿಸಿದ್ದೇನೆ, ತತ್‌ಸ್ಥಾನದಲ್ಲಿ ಕೇವಲ ತುಪ್ಪ ಸವರಿದ ಚಪಾತಿ.”

“ಎಷ್ಟು?”

“ಧಾನ್ಯವೇ ಬೇರೆಯಾದ ಮೇಲೆ ಎಣಿಸುವುದೇಕೆ?”

“ಸಕ್ಕರೆ ಗ್ರಾಮಿಗೆ 4 ಕ್ಯಾಲೊರಿ, ತುಪ್ಪ ಸುಮಾರು 9 ಅಂತಾರಲ್ಲ?”

“ಆದುದರಿಂದಲೇ ಸಕ್ಕರೆಯನ್ನು ವರ್ಜಿಸಿ, ಕಾಫಿಗೆ ಬೆಲ್ಲವನ್ನೇ ಒಂದು ಚಮಚ ಹೆಚ್ಚಾಗಿ ಹಾಕಿಸಿಕೊಳ್ಳುತ್ತೇನೆ.”

“ಮೈ ಹಗುರಾದಂತೆ ಅದರ ಖರ್ಚೂ ಕಡಮೆಯಾಗುತ್ತೆ, ಮೊದಲಿನ ಅಳತೆಯಲ್ಲೇ ತಿಂದರೆ ತೂಕ ನಿಂತುಬಿಡುತ್ತಂತೆ.”

“ಸೊಸೆಯೂ ಹಾಗೆಯೇ ಅಂದಳು, ಅವಳ ಮಾತನ್ನು ಹೊಟ್ಟೆಗೆ ಹಾಕಿಕೊಂಡೆ.”

“ಅದಕ್ಕೂ ಅಲ್ಲಿ ಜಾಗವಿತ್ತೇ!”

“ಇರಲಿ, ಗಾಂಧಿಬಜಾರಿಗೆ ನಡೆ. ಏಕಾದಶಿಯಾದ್ದರಿಂದ ಅಕ್ಕಿಯ ದೋಸೆ ನಿಷಿದ್ಧ.”

“ಹಾಗಾದರೆ ಉಪವಾಸ?”

“ನಿಸ್ಸಂದೇಹವಾಗಿ! ಎರಡು ಪ್ಲೇಟು ರವೆ ಉಪ್ಪಿಟ್ಟು, ಮೇಲೆ ಕಿಂಚಿತ್ ಗೋಧಿ ಹಲ್ವ; ಆಮೇಲೆ ಮನೆಯ ತೂಕದ ಯಂತ್ರವನ್ನು ರಿಪೇರಿಗೆ ಕೊಟ್ಟು ಬರೋಣ.”