ಒಂದು ಕ್ವಿಂಟಾಲ್ ಕುಣಿತ

"ತಾತ, ಈ ರಜೆಗೆ ಹಾಲ್ಕುರಿಕೆಗೆ ಬರಲ್ಲ. ಬೆಂಗಳೂರಲ್ಲೇ ಡ್ಯಾನ್ಸು, ಪೇಂಟಿಂಗ್ ಕ್ಯಾಂಪು. ಫೀಸು ಬರೀ 12,000!"

"2024ರ ಬೆಂಬಲ ಬೆಲೆ ಲೆಕ್ಕದಲ್ಲಿ ಒಂದು ಕ್ವಿಂಟಾಲ್ ಉಂಡೆ ಕೊಬ್ಬರಿ ಕಣವ್ವ. ಏನು ಕಲಿಸ್ತಾರೆ?"

"ಸೋಮನ ಕುಣಿತ! ಮುಖವಾಡಕ್ಕೆ ಬಣ್ಣ ಬಳಿಯೋದೂ ಇದೆ."

ತಾತ ಎಲೆಯಡಿಕೆ ಉಗಿದು ಬಂದರು.

"ಅದು ನಮ್ ಸೀಮೇದೇ. ಊರಹಬ್ಬದಲ್ಲಿ ಕೆಂಪು ಸೋಮನ ಮುಖವಾಡ ಹೊತ್ತು ಕುಣೀತಾರೆ. ಬಿಟ್ಟಿ."

"ಸರ್ಟಿಫಿಕೇಟ್ ಕೊಡ್ತಾರಾ?"

"ಪ್ರಸಾದ ಕೊಡ್ತಾರೆ."

"ಫೋಟೋಗೆ ಬ್ಯಾಕ್‌ಗ್ರೌಂಡ್?"

"ತೆಂಗಿನ ತೋಟ."

"ಅಯ್ಯೋ, ಕ್ಯಾಂಪಲ್ಲೂ ಅದೇ ಇದೆ ತಾತ. ಪ್ಲಾಸ್ಟಿಕ್ಕಿಂದು."

ತಾತ ಅಟ್ಟ ಹತ್ತಿ, ವರ್ಷದಿಂದ ಒಣಗುತ್ತಿದ್ದ ಕಾಯೊಂದನ್ನು ಕಿವಿಯ ಬಳಿ ಅಲ್ಲಾಡಿಸಿದರು. (ಒಳಗೆ ಗಡಗಡ ಅಂದರೆ ಕೊಬ್ಬರಿಯಾಗಿದೆ ಅಂತ.) ಗಡಗಡ ಅಂತು.

ತಿಪಟೂರಿನ ಮುಂದಿನ ಕೊಬ್ಬರಿ ಹರಾಜಿನ ದುಡ್ಡಲ್ಲಿ ಕ್ಯಾಂಪಿನ ಫೀಸು ಕಟ್ಟಿದ್ದಾಯಿತು.