ದಂಡಿನ ಪ್ರದೇಶದ ಕಡಲು

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಅಲೆ ಕಾಣಲು ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ರಸ್ತೆ ಸವೆಸಬೇಕಾದ ಬೆಂಗಳೂರಿನ ದಂಡು ಪ್ರದೇಶದಲ್ಲಿ ಕಡಲಜೀವಿಗಳ ವಿಜ್ಞಾನಿಯೊಬ್ಬರು ಮನೆ ಮಾಡಿದರೆ, ಕ್ಷೇತ್ರಕಾರ್ಯಕ್ಕೆ, ಅಂದರೆ ಪ್ರಯೋಗಶಾಲೆ ಬಿಟ್ಟು ಜೀವಿ ಸಿಗುವಲ್ಲಿಗೇ ಹೋಗಿ ನಡೆಸುವ ಅಧ್ಯಯನಕ್ಕೆ, ಅವರಿಗೆ ಒದಗುವ ಕಡಲು ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮೀನಿನ ಸಾಲೊಂದೇ. ಹಲಸೂರು ಕೆರೆ ಹತ್ತಿರವೇ ಇದೆಯಾದರೂ ಅದು ಸಿಹಿನೀರಿನ ಖಾತೆ. 2016ರ ಮಾರ್ಚಿನಲ್ಲಿ ಅಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ್ದಕ್ಕೆ ಕಾರಣವನ್ನು ಇವರೇ ಹೇಳಬೇಕೆಂದು ಇಂದಿರಾನಗರದ ನೆಂಟರು ನಿರೀಕ್ಷಿಸಿದರೆ ಅದು ಬಾಂಧವ್ಯದ ಹಕ್ಕೇ ಹೊರತು ವಿಜ್ಞಾನದ್ದಲ್ಲ.

ಮಾರುಕಟ್ಟೆಯ ಹೆಸರಿನ ರಸೆಲ್ ಅಂದಿನ ಪುರಸಭೆಯ ಕಮಿಷನರ್ ಟಿ.ಬಿ. ರಸೆಲ್, ಮೀನಿನ ಶಾಸ್ತ್ರಕ್ಕೆ ಬೇಕಾದ ರಸೆಲ್ ಬೇರೆ. ವಿಶಾಖಪಟ್ಟಣದ ಇನ್ನೂರು ಮೀನುಗಳನ್ನು 1803ರಲ್ಲಿ ಚಿತ್ರಸಮೇತ ಪ್ರಕಟಿಸಿದ ವೈದ್ಯ ಪ್ಯಾಟ್ರಿಕ್ ರಸೆಲ್ ಬರೆದಿಟ್ಟ ಸ್ಥಳೀಯ ಹೆಸರೇ ಬಂಗುಡೆಯ ಶಾಸ್ತ್ರೀಯ ಹೆಸರಾದ ರಾಸ್ಟ್ರೆಲ್ಲಿಗರ್ ಕನಗುರ್ತದ ಬಾಲದಲ್ಲಿ ಉಳಿದಿದೆ. ಇದೇ ಮಹಾಶಯರ ಹೆಸರನ್ನು ಇಂಗ್ಲಿಷಿನವರು ಕೊಳಕುಮಂಡಲಕ್ಕೂ ಇಟ್ಟಿದ್ದಾರೆ. ಪುಣ್ಯಕ್ಕೆ ಆ ಸರಕು ಈ ಸಾಲಿನಲ್ಲಿ ಬಿಕರಿಗಿಲ್ಲ.

ಗಿರಾಕಿ ಕಿವಿರಿನ ಮುಚ್ಚಳವೆತ್ತಿ ನೋಡುವುದು ಮೀನು ತಾಜಾ ಹೌದೇ ಎಂದು. ವಿಜ್ಞಾನಿ ಬಂಗುಡೆಯ ಬಾಯನ್ನೇ ಅಗಲಿಸಿ, ಒಳಗೆ ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ ನಿಂತ ಕಿವಿರು-ಕಡ್ಡಿಗಳನ್ನು, ಅಂದರೆ ನೀರಿನಿಂದ ಸೂಕ್ಷ್ಮಜೀವಿಗಳನ್ನು ಸೋಸಿ ಉಳಿಸಿಕೊಳ್ಳುವ ಜಾಲರಿಯನ್ನು, ಎಣಿಸುತ್ತ ನಿಲ್ಲುತ್ತಾರೆ. ಇದನ್ನು ಚೌಕಾಸಿಯ ಹೊಸ ವರಸೆಯೆಂದು ತಿಳಿದ ವ್ಯಾಪಾರಿ ಕೇಳದೆಯೇ ಹತ್ತು ರೂಪಾಯಿ ಇಳಿಸುವುದುಂಟು. ವಯಸ್ಸಿನ ಲೆಕ್ಕ ಕೊಡುವ ಕಿವಿಗಲ್ಲು, ಅಂದರೆ ಪದರಪದರವಾಗಿ ಬೆಳೆಯುವ ಸುಣ್ಣದ ಹರಳು, ತಲೆಯೊಳಗಿರುವುದರಿಂದ, ಮುಳ್ಳು ತೆಗೆದು ತುಂಡು ಮಾಡಿಕೊಡುವ ಉಪಚಾರವನ್ನು ನಿರಾಕರಿಸಿ ಬರೀ ತಲೆ ಕೇಳುವವರನ್ನು ಬೆಕ್ಕು ಸಾಕಿದವರೆಂದು ಭಾವಿಸುವುದರಲ್ಲಿಯೂ ತಪ್ಪಿಲ್ಲ.

ಸಂತೆಯಲ್ಲಿ ಸಂಶೋಧನೆಯೇ ಎಂದು ನಗುವವರು ಇಂಡೊನೇಷ್ಯದ ಮನಾಡೊ ಪಟ್ಟಣವನ್ನು ನೆನೆಯಬೇಕು. ಆಫ್ರಿಕಾದ ಕಡೆ ಮಾತ್ರ ಬದುಕಿದೆಯೆಂದು ತಿಳಿದಿದ್ದ ಸೀಲಕ್ಯಾಂತ್ ಎಂಬ ಪುರಾತನ ವಂಶದ ಮೀನು 1997ರಲ್ಲಿ ಅಲ್ಲಿನ ಮಾರುಕಟ್ಟೆಯ ಗಾಡಿಯ ಮೇಲೆ, ಮಧುಚಂದ್ರಕ್ಕೆಂದು ಬಂದಿದ್ದ ಮಾರ್ಕ್ ಎರ್ಡ್‌ಮನ್ ದಂಪತಿಯ ಕಣ್ಣಿಗೆ ಬಿತ್ತು, ಮತ್ತು ಮೊದಲು ಕಂಡವರು ಹೆಂಡತಿ. ಛಾಯಾಚಿತ್ರ ಉಳಿಯಿತು, ಮೀನು ಮಾರಾಟವಾಯಿತು; ಎರಡನೆಯದು ಕೈಗೆ ಬಂದದ್ದು 1998ರ ಜುಲೈಯಲ್ಲಿ, ಸ್ಥಳೀಯ ಬೆಸ್ತರ ಬಲೆಗೆ ಬಿದ್ದು.

ಶಿವಾಜಿನಗರದ ಕೊರತೆ ಮೀನಿನದಲ್ಲ, ವಿಳಾಸದ್ದು. ಹಿಡಿದ ಜಾಗ ತಿಳಿಯದ ಜೀವಿ ವಿಜ್ಞಾನಕ್ಕೆ ಅರ್ಧ ಮಾತ್ರ ದಕ್ಕುತ್ತದೆ. ಎಲ್ಲಿಯದೆಂದು ಕೇಳಿದರೆ ಮಂಗಳೂರಿನದೆಂಬ ಉತ್ತರ ತಟ್ಟನೆ ಬರುತ್ತದಾದರೂ, ಮಂಜುಗಡ್ಡೆಯ ಪೆಟ್ಟಿಗೆ ಲಾರಿ ಹತ್ತಿದ ಊರು ಅದು. ಬಲೆ ಬೀಸಿದ ಜಾಗವನ್ನು ಕೇಳಿದವರಿಗೆ ಸಿಗುವ ಉತ್ತರ, ಒಂದು ಕಿಲೋ ಬೇಕೋ ಎರಡು ಕಿಲೋ ಬೇಕೋ ಎಂಬುದು.